ಹಾಜರಿ ಪುಸ್ತಕದ ಹೆಸರು: ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು

ಈ ಸಲದ ವಿಷಯ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ವಿಡಿಯೋದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿ, ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಬಹಳ ಜನರ ಮಕ್ಕಳು ಓದೋ ಶಾಲೆಗಳಲ್ಲಿ ಈಗ ಕೌನ್ಸೆಲರ್ ಇರ್ತಾರೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸೋ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆ ಕನಿಷ್ಠ ಒಬ್ಬ ತರಬೇತಾದ ಕೌನ್ಸೆಲರನ್ನು ನೇಮಿಸಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು ಅಂತ. ಡೊಂಬಿವಲಿಯಲ್ಲಿರೋ ನಮ್ಮ ದೊಡ್ಡಪ್ಪನ ಮನೇಲಿ ಊಟಕ್ಕೆ ಕೂತಾಗ ಈ ವಿಷಯ ಹೇಳಿದೆ. ಅವರು ಸಾರಿನ ತಟ್ಟೆಯಿಂದ ತಲೆ ಎತ್ತದೆ, “ನಮಗೂ ಇದ್ರು ಮಾರಾಯ. ಆಗ ಆ ಹೆಸರು ಗೊತ್ತಿರ್ಲಿಲ್ಲ. ಮಾಷ್ಟ್ರು ಅಂತ ಹೇಳ್ತಿದ್ದದ್ದು” ಅಂದರು.

ದೊಡ್ಡಪ್ಪ ಮುಂಬಯಿಗೆ ಬಂದದ್ದು ಹನ್ನೆರಡನೇ ವಯಸ್ಸಲ್ಲಿ, ಆರನೇ ಕ್ಲಾಸು ಮುಗಿಸಿ. ಅವರು ಓದಿ ಮುಗಿಸಿದ್ದು ರಾತ್ರಿ ಶಾಲೆಯಲ್ಲಿ. ಅವರ ಆ ಒಂದು ಮಾತಿನಿಂದ ನಾನು ಈ ಇತಿಹಾಸದ ಹಿಂದೆ ಬಿದ್ದೆ.

ಮೊದಲು ಈ ಹುಡುಗರು ಯಾರು ಅಂತ ನೋಡೋಣ. ದಕ್ಷಿಣ ಕನ್ನಡ 1956ರ ತನಕ ಮದ್ರಾಸ್ ಕಡೆಗೆ ಸೇರಿದ್ದ ಜಿಲ್ಲೆ. ಧಾರವಾಡ, ವಿಜಾಪುರ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಆದರೂ ಮುಂಬಯಿಯ ಹೋಟೆಲ್ ತುಂಬಿದ್ದು ದಕ್ಷಿಣ ಕನ್ನಡದವರು. ಹಳಬರು ಮಂಗಳೂರಿನಿಂದ ಹಡಗಿನಲ್ಲಿ ಬಂದರು. ಆಮೇಲಿನವರು ಬಸ್ಸಿನಲ್ಲಿ. ರೈಲು ಬಂದದ್ದು ತೀರಾ ಈಚೆಗೆ, ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಹಡಗಾಗಲಿ ಬಸ್ಸಾಗಲಿ, ಹುಡುಗನ ಕೈಯಲ್ಲಿ ಇರ್ತಿದ್ದದ್ದು ಊರಿನವರೊಬ್ಬರ ವಿಳಾಸದ ಚೀಟಿ. ಮಾಟುಂಗದಲ್ಲಿ 1942ರಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ರಾಮ ನಾಯಕರೂ ಹುಡುಗರಾಗಿದ್ದಾಗಲೇ ಬಂದು ಅಡುಗೆಮನೆ ಕೆಲಸದಿಂದ ಮೇಲೆ ಬಂದವರು. ನಾವು ಸಾಮಾನ್ಯವಾಗಿ ಕೇಳೋದು ಈ ಥರ ಗಲ್ಲಾಪೆಟ್ಟಿಗೆ ತನಕ ತಲುಪಿದವರ ಕಥೆ. ಮೋರಿಯ ಹತ್ತಿರ ಲೋಟ ತೊಳೀತಾ ಉಳಿದವರ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಹೋಟೆಲಲ್ಲಿ ಹುಡುಗನಿಗೆ ಹೆಸರು ಇರ್ತಿರಲಿಲ್ಲ. ಕೆಲಸವೇ ಹೆಸರು. ಲೋಟ ತೊಳೆಯೋನು ಕ್ಲೀನರ್. ಆಫೀಸುಗಳಿಗೆ ಚಾ ಹೊತ್ತುಕೊಂಡು ಹೋಗೋನು ಬಾಹರ್‌ವಾಲಾ. ಊಟ, ತಿಂಡಿ, ಮಲಗಲು ಜಾಗ ಹೋಟೆಲಿನಲ್ಲೇ. ಜಾಗ ಅಂದರೆ ರಾತ್ರಿ ಬಾಗಿಲು ಹಾಕಿದ ಮೇಲೆ ಒರೆಸಿದ ಟೇಬಲ್ಲು, ಅಥವಾ ಟೇಬಲ್ಲಿನ ಕೆಳಗೆ ನೆಲ. ಸಂಬಳ ಧಣಿಗಳ ಹತ್ತಿರವೇ ಜಮಾ. ಅವರೇ ಊರಿಗೆ ಮನಿಯಾರ್ಡರ್ ಮಾಡಿಸೋರು. ತನ್ನ ಸಂಬಳ ಎಷ್ಟು ಅಂತ ತನಗೆ ಗೊತ್ತಾದದ್ದು ಎರಡು ವರ್ಷ ಆದ ಮೇಲೆ ಅಂತ ದೊಡ್ಡಪ್ಪ ಹೇಳ್ತಾರೆ.

ರಾತ್ರಿ ಶಾಲೆ ಅನ್ನೋ ಯೋಚನೆ ಕನ್ನಡಿಗರು ಕಂಡುಹಿಡಿದದ್ದಲ್ಲ. ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ 1855ರಷ್ಟು ಹಿಂದೆಯೇ ಕೂಲಿಯವರಿಗೆ ರಾತ್ರಿ ಶಾಲೆ ತೆರೆದಿದ್ದರು. ಮುಂಬಯಿಯಲ್ಲಿ ಪ್ರಾರ್ಥನಾ ಸಮಾಜ ಆ ಕೆಲಸ ಮಾಡಿತು. ಆ ಸಮಾಜಕ್ಕೆ ಬಹಳ ಕಾಲ ಅಧ್ಯಕ್ಷರಾಗಿದ್ದ ನಾರಾಯಣ ಚಂದಾವರಕರ್ ಹುಟ್ಟಿದ್ದು ನಮ್ಮ ಹೊನ್ನಾವರದಲ್ಲಿ. 1906ರಲ್ಲಿ ಪರಳಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಶುರು ಮಾಡಿ, ದಲಿತ ಮಕ್ಕಳಿಗೆ ಹಗಲು ಶಾಲೆ, ರಾತ್ರಿ ಶಾಲೆ, ವಿದ್ಯಾರ್ಥಿ ನಿಲಯ ಅಂತ ಕಟ್ಟಿದ ವಿಠ್ಠಲ ರಾಮಜಿ ಶಿಂದೆ ಹುಟ್ಟಿದ್ದು ಜಮಖಂಡಿಯಲ್ಲಿ. ಆ ಮಿಶನ್ನಿನ ಅಧ್ಯಕ್ಷರೂ ಚಂದಾವರಕರರೇ. ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ಮರಾಠಿ. ಆದ್ದರಿಂದ “ನಮ್ಮೋರು” ಅಂತ ಬೋರ್ಡು ಹಾಕಿಕೊಳ್ಳೋದು ಬೇಡ. ಶಾಲೆಗೆ ಬರಲಾಗದ ಮಗುವಿನ ಹತ್ತಿರ ಶಾಲೆಯೇ ಹೋಗಬೇಕು, ಬರೀ ಅಕ್ಷರ ಸಾಲದು, ಮಲಗಲು ಜಾಗವೂ ಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ಆಮೇಲೆ 1911ರಲ್ಲಿ ಎನ್. ಎಂ. ಜೋಶಿಯವರ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕೆಲಸಗಾರರ ಬಸ್ತಿಗಳಲ್ಲಿ ರಾತ್ರಿ ಶಾಲೆ, ವಾಚನಾಲಯ ನಡೆಸಿತು.

ಕನ್ನಡದವರು ಇದನ್ನು ತಮ್ಮದೇ ರೀತಿಯಲ್ಲಿ, ಅಂದರೆ ಜಾತಿ ಸಂಘಗಳ ಮೂಲಕ ಮಾಡಿದರು. ಇದನ್ನು ಹೇಳಲು ನಮಗೆ ಸ್ವಲ್ಪ ಮುಜುಗರ ಆಗುತ್ತೆ, ಆದರೆ ನಡೆದದ್ದು ಹಾಗೆಯೇ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರು ನಾರಾಯಣ ರಾತ್ರಿ ಶಾಲೆ, ಬಂಟರ ರಾತ್ರಿ ಶಾಲೆ, ಇವುಗಳ ಜೊತೆ ಜಾತಿಯ ಹೆಸರಿಲ್ಲದ ಫೋರ್ಟ್ ಕನ್ನಡ ರಾತ್ರಿ ಶಾಲೆ, ಹೀಗೆ ಒಂದು ಸಾಲು ಬೆಳೆಯಿತು. ಹಗಲು ಶಾಲೆಯ ದಾರಿ ಹಿಡಿದದ್ದು ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, 1939ರಿಂದ. ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಅವು ಹೆಚ್ಚಾಗಿ ಸಾಹಿತ್ಯ, ನಾಟಕ, ಸಂಗೀತ ನೋಡಿಕೊಂಡವು. ಲೋಟ ತೊಳೆಯೋ ಹುಡುಗನನ್ನು ನೋಡಿದ್ದು ಜಾತಿ ಸಂಘಗಳು. ಕಾರಣವೂ ಸರಳ. ಧಣಿಯೂ ಅದೇ ಸಂಘದಲ್ಲಿ, ಹುಡುಗನ ಮಾವನೂ ಅದೇ ಸಂಘದಲ್ಲಿ. ಸಂಘದ ಸಭೆಯಲ್ಲಿ ನಾಲ್ಕು ಜನರ ಎದುರು “ನಿಮ್ಮ ಹೋಟ್ಲಿನ ಹುಡುಗ ಶಾಲೆಗೆ ಯಾಕೆ ಬರ್ತಿಲ್ಲ” ಅಂತ ಕೇಳಿದರೆ ಧಣಿಗೆ ಉತ್ತರ ಕೊಡಬೇಕಾಗ್ತಿತ್ತು.

ಇಲ್ಲಿ ನನಗೆ ಬಹಳ ಇಷ್ಟವಾದದ್ದು ಜಾಗದ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ಶೆಡ್ಯೂಲಿಂಗ್ ಸಮಸ್ಯೆ. ದಾದರ್, ಮಾಟುಂಗದ ಹೋಟೆಲುಗಳಿಗೆ ರಾತ್ರಿಯೇ ಗಿರಾಕಿ ಹೆಚ್ಚು. ಫೋರ್ಟಿನ ಕ್ಯಾಂಟೀನುಗಳು ಹಾಗಲ್ಲ. ಅವು ಆಫೀಸುಗಳನ್ನು ನಂಬಿದವು. ಸಂಜೆ ಆರಕ್ಕೆ ಗುಮಾಸ್ತರೆಲ್ಲ ಚರ್ಚ್‌ಗೇಟ್, ವಿ.ಟಿ. ಕಡೆ ಓಡಿದ ಮೇಲೆ ಚಾ ಕೇಳೋರೇ ಇಲ್ಲ. ಅದೇ ಹೊತ್ತಿಗೆ ಹಗಲು ಶಾಲೆಗಳ ಕಟ್ಟಡವೂ ಖಾಲಿ. ಕಲಿಸೋ ಮಾಷ್ಟ್ರಿಗೂ ಹಗಲಿನ ಕೆಲಸ ಮುಗಿದಿರುತ್ತೆ. ಹುಡುಗ, ಕೋಣೆ, ಮಾಷ್ಟ್ರು, ಈ ಮೂರೂ ಒಟ್ಟಿಗೆ ಬಿಡುವಾಗಿ ಸಿಗೋದು ಸಂಜೆ ಆರೂವರೆಯಿಂದ ಒಂಬತ್ತೂವರೆ. ಫೋರ್ಟಿನ ಸುತ್ತ ಕನ್ನಡ ರಾತ್ರಿ ಶಾಲೆ ಬೇರೂರಿದ್ದಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು. ಊರಲ್ಲಿ ಕನ್ನಡದಲ್ಲಿ ಐದೋ ಆರೋ ಓದಿ ಬಿಟ್ಟ ಹುಡುಗ ಬಿಟ್ಟಲ್ಲಿಂದಲೇ ಮುಂದುವರಿಸಬೇಕಾದರೆ ಮಾಧ್ಯಮವೂ ಕನ್ನಡವೇ ಆಗಬೇಕಿತ್ತು. ಮನೆಮಾತು ತುಳು, ಬೀದಿಯಲ್ಲಿ ಮರಾಠಿ-ಹಿಂದಿ, ಪಾಠ ಮಾತ್ರ ಕನ್ನಡದಲ್ಲಿ.

ಒಳಗೆ ಏನು ನಡೀತಿತ್ತು? ದೊಡ್ಡಪ್ಪನಿಗೆ ಪಾಠ ಹೆಚ್ಚು ನೆನಪಿಲ್ಲ. ನೆನಪಿರೋದು ಹಾಜರಿ. “ಇಡೀ ದಿನ ಬಾಹರ್‌ವಾಲಾ, ಬಾಹರ್‌ವಾಲಾ. ಸಂಜೆ ಒಬ್ಬರು ಪುಸ್ತಕ ನೋಡಿ ಅಪ್ಪ ಇಟ್ಟ ಹೆಸರು ಪೂರ್ತಿ ಓದ್ತಿದ್ರು. ಎಸ್ ಸಾರ್ ಅಂತ ಹೇಳ್ಲಿಕ್ಕೇ ನಾನು ಹೋಗ್ತಿದ್ದದ್ದು.” ಮೊದಲ ವರ್ಷ ಅವರು ಕ್ಲಾಸಲ್ಲಿ ಹೆಚ್ಚಾಗಿ ನಿದ್ದೆ ಮಾಡಿದರಂತೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದವನು ರಾತ್ರಿ ಎಂಟಕ್ಕೆ ಬೀಜಗಣಿತ ಕೇಳೋದು ಹೇಗೆ? ಗಣಿತದ ಮಾಷ್ಟ್ರು ಎಬ್ಬಿಸ್ತಿರಲಿಲ್ಲ. ಎರಡನೇ ಪೀರಿಯಡ್ ಪೂರ್ತಿ ಮಲಗಲು ಬಿಟ್ಟು, ಕೊನೆಯ ಹತ್ತು ನಿಮಿಷದಲ್ಲಿ ಎಬ್ಬಿಸಿ ಅವರೊಬ್ಬರಿಗೇ ಲೆಕ್ಕ ಹೇಳಿಕೊಡ್ತಿದ್ದರು. ಇವತ್ತಿನ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರು ಇರಬಹುದು.

ಇನ್ನೊಬ್ಬ ಮಾಷ್ಟ್ರು ಮನಿಯಾರ್ಡರ್ ಫಾರಂ ತುಂಬೋದು ಕಲಿಸಿದರು. ಅದೂ ಪಾಠದ ಭಾಗವಾಗಿ, ಕರಿಹಲಗೆಯ ಮೇಲೆ ಫಾರಂ ಬರೆದು. ಫಾರಂನ ಕೆಳಗೆ ಸಣ್ಣ ಕೂಪನ್ ಇರ್ತಿತ್ತು, ಅದರಲ್ಲಿ ಎರಡು ಸಾಲು ಬರೆಯಬಹುದಿತ್ತು. ದೊಡ್ಡಪ್ಪ ತನ್ನ ಕೈಯಾರೆ ಬರೆದು ಕಳಿಸಿದ ಮೊದಲ ಕೂಪನ್ನನ್ನು ಅಜ್ಜಿ ಸಾಯೋ ತನಕ ಅಕ್ಕಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿ ಇಟ್ಟಿದ್ದರು. ನಾನು ನೋಡಿದ್ದೇನೆ. ಅದರಲ್ಲಿ ಇರೋದು ಇಷ್ಟೇ: ನಾನು ಕ್ಷೇಮ, ಶಾಲೆಗೆ ಹೋಗುತ್ತೇನೆ, ಆಕಳು ಕರು ಹಾಕಿತೇ. ಆ ತಿಂಗಳಿಂದ ಸಂಬಳ ಧಣಿಯ ಕೈಯಿಂದ ಇವರ ಕೈಗೆ ಬಂತು. ಫಾರಂ ತುಂಬಲು ಬರುತ್ತೆ ಅಂದ ಮೇಲೆ ಧಣಿಗೆ ಹಣ ಇಟ್ಟುಕೊಳ್ಳಲು ನೆಪ ಇರಲಿಲ್ಲ.

ವಾರ್ಷಿಕೋತ್ಸವಕ್ಕೆ ನಾಟಕ, ಭಾನುವಾರ ಕಬಡ್ಡಿ. ಜ್ವರ ಬಂದರೆ ಸಂಘದ ಡಾಕ್ಟರು. ಹುಡುಗ ನಾಲ್ಕು ದಿನ ಬರದಿದ್ದರೆ ಮಾಷ್ಟ್ರು ಹೋಟೆಲಿಗೇ ಬಂದು, ಗಿರಾಕಿಯ ಹಾಗೆ ಕೂತು, ಒಂದು ಚಾ ತರಿಸಿ, ಗಲ್ಲಾದಲ್ಲಿ ಕೂತವರ ಹತ್ತಿರ ಮೆಲ್ಲಗೆ ವಿಚಾರಿಸೋರು. ಎಸ್ಸೆಸ್ಸಿ ಆದವರಿಗೆ ಕೆಲಸ ಹುಡುಕಿಕೊಡೋದೂ ಇದೇ ಜಾಲ. ಆಗ ಮಹಾರಾಷ್ಟ್ರದಲ್ಲಿ ಎಸ್ಸೆಸ್ಸಿ ಅಂದರೆ ಹನ್ನೊಂದನೇ ಕ್ಲಾಸು, ಹತ್ತಕ್ಕೆ ಇಳಿದದ್ದು 1975ರಲ್ಲಿ. ದೊಡ್ಡಪ್ಪ ಪಾಸಾಗಿ ಬಂದರಿನ ಹತ್ತಿರ ಒಂದು ಆಫೀಸಿನಲ್ಲಿ ಗುಮಾಸ್ತರಾದರು. ಚಾ ಹೊತ್ತುಕೊಂಡು ಹೋಗ್ತಿದ್ದ ಬೀದಿಯಲ್ಲೇ ಆ ಆಫೀಸು. ಮೊದಲ ದಿನ ಚಾ ತಂದ ಹುಡುಗನ ಹೆಸರು ಕೇಳಿದೆ ಅಂತ ಅವರು ಹೇಳಿದಾಗ ದೊಡ್ಡಮ್ಮ, “ಇದನ್ನ ನೂರು ಸಲ ಹೇಳಿ ಆಯ್ತು” ಅಂತ ನಕ್ಕರು.

ಇದೇ ಊರಿನಲ್ಲಿ, ಫೋರ್ಟಿನಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ನಾಗಪಾಡಾದಲ್ಲಿ ಇನ್ನೊಂದು ಕಥೆ ನಡೀತಿತ್ತು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಸಮಾಜಕಾರ್ಯ ಕಲಿಸೋ ಶಾಲೆ ಶುರುವಾಯಿತು. ಈಗಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ ಅದೇ. ಮರುವರ್ಷ, 1937ರಲ್ಲಿ, ಅವರು ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ತೆರೆದರು. ದೇಶದಲ್ಲೇ ಮೊದಲನೆಯದು. ಮಗುವಿನ ತೊಂದರೆ ಅಂದರೆ ಬರೀ ಹಟ ಅಲ್ಲ, ಮನೆ, ಬೀದಿ, ಶಾಲೆ ಎಲ್ಲ ಸೇರಿ ನೋಡಬೇಕು ಅನ್ನೋದು ಅಲ್ಲಿನ ದಾರಿ. ಮುಂದೆ ಶಾಲೆಗಳಲ್ಲಿ ಸೋಶಿಯಲ್ ವರ್ಕರ್ ಇಡೋ ಪ್ರಯೋಗ ಬೆಳೆದದ್ದು, 1996ರಲ್ಲಿ 1098 ನಂಬರಿನ ಚೈಲ್ಡ್‌ಲೈನ್ ಹುಟ್ಟಿದ್ದು ಇದೇ ಬೇರಿನಿಂದ. ಆ ಕಡೆ ಓದಿದವರು, ಕೇಸ್ ಫೈಲು. ಈ ಕಡೆ ಹಾಜರಿ ಪುಸ್ತಕ, ಚಾ. ಎರಡೂ ಒಂದನ್ನೊಂದು ಸರಿಯಾಗಿ ಸಂಧಿಸಿದ ಹಾಗೆ ನನಗೆ ಕಾಣೋದಿಲ್ಲ. ಸಂಧಿಸಿದ್ದರೆ ಇಬ್ಬರಿಗೂ ಲಾಭ ಆಗ್ತಿತ್ತು.

ಯಾಕೆ ಅಂದರೆ, ಮಾಷ್ಟ್ರು ಕೇಳದ ಒಂದು ಪ್ರಶ್ನೆ ಇತ್ತು. ಹನ್ನೆರಡು ವರ್ಷದ ಹುಡುಗ ಹಗಲು ಹೊತ್ತು ಶಾಲೆಯಲ್ಲಿ ಯಾಕಿಲ್ಲ?

ಈ ಜಾಗದಲ್ಲಿ ನಾವು ಜಾರಿಕೊಳ್ಳಬಾರದು. ರಾತ್ರಿ ಶಾಲೆಗೆ ದೇಣಿಗೆ ಕೊಡ್ತಿದ್ದವರಲ್ಲಿ ಹೋಟೆಲ್ ಧಣಿಗಳೇ ಮುಖ್ಯರು. ಹುಡುಗರ ಹಗಲನ್ನು ತೆಗೆದುಕೊಂಡವರೂ ಅವರೇ. ಸಂಜೆ ಆರಕ್ಕೆ ಬಿಡೋ ಧಣಿ ಒಳ್ಳೆಯವನು, ಬಿಡದವನು ಕೆಟ್ಟವನು, ಇಷ್ಟೇ ಅಳತೆ. ಧಣಿಯ ದಯೆ ಹುಡುಗನ ಹಕ್ಕಾಗಿರಲಿಲ್ಲ. ಹಕ್ಕಿನ ಮಾತು ಬಂದದ್ದು ಬೇರೆ ಕಡೆಯಿಂದ. ಮಂಗಳೂರಲ್ಲಿ ಹೋಟೆಲ್ ಕೆಲಸಗಾರರನ್ನು ಸಂಘಟಿಸಿದ್ದ ಜಾರ್ಜ್ ಫರ್ನಾಂಡಿಸ್ 1949ರಲ್ಲಿ ಮುಂಬಯಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಆಮೇಲೆ ಇಲ್ಲಿಯ ಯೂನಿಯನ್ ನಾಯಕರಾದರು. ರಾತ್ರಿ ಶಾಲೆಯ ಹುಡುಗರಲ್ಲಿ ಕೆಲವರು ಯೂನಿಯನ್ ಸಭೆಗೂ ಹೋಗ್ತಿದ್ದರು. ದೊಡ್ಡಪ್ಪ ಹೋಗಲಿಲ್ಲ. “ಧಣಿಗೆ ಗೊತ್ತಾದ್ರೆ ಶಾಲೆ ಬಂದ್” ಅಂತ ಹೆದರಿಕೆ.

ನಾನು ಒಂದು ಸಲ ನೇರವಾಗಿ ಕೇಳಿದೆ, ದೊಡ್ಡಪ್ಪ, ನಿಮಗೆ ಸಿಟ್ಟು ಬರಲ್ವಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಧಣಿ ಇಲ್ದಿದ್ರೆ ಊರಲ್ಲಿ ಉಪವಾಸ. ಶಾಲೆ ಇಲ್ದಿದ್ರೆ ಇಲ್ಲಿ ಧಣಿ ಮಾತ್ರ” ಅಂದರು. ಸಿಟ್ಟು ಇದೆಯೋ ಇಲ್ಲವೋ ಹೇಳಲಿಲ್ಲ.

ಕಾನೂನು ಆ ಪ್ರಶ್ನೆಗೆ ಬಂದದ್ದು ನಿಧಾನವಾಗಿ. 1986ರ ಬಾಲಕಾರ್ಮಿಕ ಕಾಯಿದೆ ಅಪಾಯದ ಕೆಲಸಗಳ ಪಟ್ಟಿ ಮಾಡಿತು, ಆದರೆ ಆ ಪಟ್ಟಿಯಲ್ಲಿ ಹೋಟೆಲ್ ಇರಲಿಲ್ಲ. ಹೋಟೆಲ್, ಢಾಬಾ, ಮನೆಗೆಲಸದಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಇಡಬಾರದು ಅನ್ನೋ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಶಿಕ್ಷಣ ಹಕ್ಕು ಕಾಯಿದೆ ಜಾರಿಯಾದದ್ದು 2010ರ ಏಪ್ರಿಲ್‌ನಲ್ಲಿ. ಅಂದರೆ ಮೊದಲ ಕನ್ನಡ ರಾತ್ರಿ ಶಾಲೆಗಳ ಹುಡುಗರಿಗೆ ಮರಿಮಕ್ಕಳು ಹುಟ್ಟೋ ಹೊತ್ತಿಗೆ.

ಅಷ್ಟು ಹೊತ್ತಿಗೆ ಕರಾವಳಿಯಿಂದ ಹುಡುಗರು ಬರೋದೇ ನಿಂತಿತ್ತು. ಊರಲ್ಲೇ ಹೈಸ್ಕೂಲು, ಕಾಲೇಜು ಆದವು. ಕೊಲ್ಲಿಗೆ ಹೋಗೋ ದಾರಿ ತೆರೆಯಿತು. ಉಡುಪಿ ಹೋಟೆಲಿನಲ್ಲಿ ಈಗ ಲೋಟ ತೊಳೆಯೋನು ಬಿಹಾರದವನು, ಒಡಿಶಾದವನು, ನೇಪಾಳದವನು. ಅವನಿಗೆ ಕನ್ನಡ ಮಾಧ್ಯಮ ಏನಕ್ಕೆ? ಸಂಘಗಳು ಇಂಗ್ಲಿಷ್ ಮಾಧ್ಯಮದ ಹಗಲು ಶಾಲೆ, ಕಾಲೇಜು ಕಟ್ಟಿದವು. ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿದರು. ಕನ್ನಡ ರಾತ್ರಿ ಶಾಲೆಗಳಲ್ಲಿ ಹಾಜರಿ ಕರಗುತ್ತಾ ಬಂತು. 2017ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ, ಹಗಲು ಶಾಲೆಯಲ್ಲಿ ಕೆಲಸದಲ್ಲಿದ್ದವರು ರಾತ್ರಿ ಶಾಲೆಯಲ್ಲಿ ಕಲಿಸಬಾರದು ಅಂತ ಆದೇಶ ಹೊರಡಿಸಿತು. ಒಬ್ಬರಿಗೆ ಎರಡು ಸಂಬಳ ಯಾಕೆ, ಪೂರ್ತಿ ಸಮಯದ ಶಿಕ್ಷಕರು ಬರಲಿ ಅನ್ನೋದು ಕಾಗದದ ಮೇಲೆ ಸರಿಯಾದ ಮಾತು. ಆದರೆ ರಾತ್ರಿ ಶಾಲೆ ನಿಂತಿದ್ದೇ ಆ ಹಗಲಿನ ಮಾಷ್ಟ್ರುಗಳ ಮೇಲೆ. ರಾಜ್ಯದ ಬಹಳ ಶಾಲೆಗಳು ಒಮ್ಮೆಲೇ ಅನುಭವಿ ಶಿಕ್ಷಕರನ್ನು ಕಳೆದುಕೊಂಡವು.

ರಾತ್ರಿ ಶಾಲೆಗಳನ್ನು ಮತ್ತೆ ಗಂಭೀರವಾಗಿ ನೋಡಿದ್ದು ನಿಕಿತಾ ಕೇತ್ಕರ್ ಅವರು 2008ರಲ್ಲಿ ಶುರು ಮಾಡಿದ ಮಾಸೂಮ್ ಸಂಸ್ಥೆ. ಮರಾಠಿ, ಹಿಂದಿ ಅಂತ ಭೇದ ಮಾಡದೆ ಎಲ್ಲ ಮಾಧ್ಯಮದ ಶಾಲೆಗಳ ಜೊತೆ ಅವರು ಕೆಲಸ ಮಾಡ್ತಾರೆ. ಪಾಠಕ್ಕೆ ಮೊದಲು ತಿನ್ನಲು ಏನಾದರೂ ಕೊಡೋದು, ಪುಸ್ತಕ, ಒಂದು ಶಾಲೆಯಿಂದ ಇನ್ನೊಂದಕ್ಕೆ ಓಡಾಡೋ ವಿಜ್ಞಾನ ಪ್ರಯೋಗಾಲಯ, ಮುಂದಿನ ಕೆಲಸದ ಬಗ್ಗೆ ಮಾರ್ಗದರ್ಶನ. ಪಟ್ಟಿ ನೋಡಿ ದೊಡ್ಡಪ್ಪ “ತಿಂಡಿ ನಮಗೆ ಇರ್ಲಿಲ್ಲ” ಅಂದರು. ಹೋಟೆಲಲ್ಲಿ ಇಡೀ ದಿನ ತಿಂಡಿ ಹೊತ್ತವರು ಶಾಲೆಗೆ ಹಸಿದೇ ಹೋಗ್ತಿದ್ದರು. ರಾತ್ರಿ ಊಟ ಶಾಲೆ ಮುಗಿಸಿ ಬಂದ ಮೇಲೆ, ಉಳಿದಿದ್ದರೆ.

ಹಾಗಾದರೆ ಮುಂಬಯಿಯಲ್ಲಿ ಇಂಥ ಆಸರೆ ಬೇಕಾದ ಕನ್ನಡದ ಮಕ್ಕಳು ಈಗ ಇಲ್ವಾ? ಇದ್ದಾರೆ, ಆದರೆ ನಮ್ಮ ಕಣ್ಣಿಗೆ ಬೀಳೋ ಜಾಗದಲ್ಲಿಲ್ಲ. ನವಿ ಮುಂಬಯಿ, ಠಾಣೆ ಕಡೆ ಯಾವುದಾದರೂ ನಾಕಾದಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತು ನೋಡಿ. ಕೂಲಿಗೆ ಕಾಯೋರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ, ಲಂಬಾಣಿ ಮಾತು ಕೇಳುತ್ತೆ. ನಾವು ಇರೋ ಟವರುಗಳನ್ನು ಕಟ್ಟಿದವರಲ್ಲಿ ಅವರೂ ಸೇರಿದ್ದಾರೆ. ಕಟ್ಟಡದ ಕೆಲಸ ಮುಗಿದರೆ ಸಂಸಾರ ಇನ್ನೊಂದು ಸೈಟಿಗೆ, ಮಗು ಶಾಲೆಯ ನಡು ವರ್ಷದಲ್ಲಿ ಹೊರಗೆ. 1972ರಿಂದ ಮುಂಬಯಿ ಮೊಬೈಲ್ ಕ್ರೆಶಸ್ ಕಟ್ಟಡದ ಸೈಟುಗಳಲ್ಲೇ ಇಂಥ ಮಕ್ಕಳನ್ನು ನೋಡಿಕೊಳ್ತಿದೆ. ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತೆ, ಅದರಲ್ಲಿ ಕನ್ನಡವೂ ಒಂದು. ಪಾಲಿಕೆ ಶಾಲೆಯ ಮಗುವಿಗೆ ಪುಸ್ತಕ, ಸಮವಸ್ತ್ರ, ಚೀಲ ಅಂತ 27 ಸಾಮಾನು ಉಚಿತ, ಶಾಲಾ ಆರೋಗ್ಯ ತಪಾಸಣೆಯೂ ಇದೆ. ಆದರೆ ಸಾಮಾನು ಸಿಗೋದು ಪಟ್ಟಿಯಲ್ಲಿ ಹೆಸರಿದ್ದರೆ. ಹೆಸರು ಪಟ್ಟಿಗೆ ಸೇರಬೇಕಾದರೆ ಯಾರಾದರೂ ಸೈಟಿಗೆ ಹೋಗಿ, ಚಾ ಕುಡಿದು, ಮೇಸ್ತ್ರಿಯ ಹತ್ತಿರ ವಿಚಾರಿಸಬೇಕು. ಕರಾವಳಿಯ ಹುಡುಗನಿಗೆ ಸಂಘ ಇತ್ತು. ಕಲಬುರಗಿಯ ಹುಡುಗಿಗೆ ಈ ಊರಲ್ಲಿ ಯಾವ ಸಂಘ? ನಾವು ಐಟಿಯವರು ಸೇರಿ ರಾಜ್ಯೋತ್ಸವ ಮಾಡ್ತೀವಿ. ನಾನೂ ಎರಡು ವರ್ಷ ಸ್ಟೇಜಿನ ಹಿಂದೆ ಓಡಾಡಿದ್ದೇನೆ. ಆ ಪ್ರೇಕ್ಷಕರಲ್ಲಿ ನಾಕಾದ ಒಂದು ಸಂಸಾರವನ್ನೂ ನಾನು ನೋಡಿಲ್ಲ, ಕರೆಯೋ ಯೋಚನೆಯೂ ಬಂದಿರಲಿಲ್ಲ.

ಈ ವಿಡಿಯೋಗೆ ಮೊದಲು ಒಂದು ಸಂಜೆ ಆಫೀಸಿನಿಂದ ಬೇಗ ಹೊರಟು, ಪರಿಚಯದವರ ಮೂಲಕ ಒಂದು ರಾತ್ರಿ ಶಾಲೆಗೆ ಹೋಗಿದ್ದೆ. ಕನ್ನಡದ್ದಲ್ಲ, ಮರಾಠಿ ಮಾಧ್ಯಮದ್ದು. ಕ್ಲಾಸಲ್ಲಿ ಇದ್ದದ್ದು ಹನ್ನೊಂದು ಜನ. ಇಡೀ ಶಾಲೆ ಸೇರಿಸಿದರೂ 100 ಆಗೋದಿಲ್ಲ, ಹಾಗಾಗಿ ಕೋರ್ಟಿನ ಮಾತಿನ ಪ್ರಕಾರ ಸ್ವಂತ ಕೌನ್ಸೆಲರ್ ಕಡ್ಡಾಯ ಇಲ್ಲ. ಡೆಲಿವರಿ ಕಂಪನಿಯ ಟೀಶರ್ಟ್ ಹಾಕಿದ ಇಬ್ಬರು, ಮನೆಗೆಲಸ ಮುಗಿಸಿ ಬಂದ ಮೂವತ್ತು ದಾಟಿದ ಒಬ್ಬ ಹೆಂಗಸು, ಉಳಿದವರು ಹದಿನೇಳು ಹದಿನೆಂಟರವರು. ಮೇಡಂ ಹಾಜರಿ ಕರೆದರು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಮತ್ತೊಮ್ಮೆ ಕರೆದರು. ಹಿಂದಿನ ಬೆಂಚಿನಿಂದ ಯಾರೋ, “ಅವನ ಹೋಟ್ಲಲ್ಲಿ ಇವತ್ತು ಪಾರ್ಟಿ ಆರ್ಡರ್ ಇದೆ, ಮೇಡಂ” ಅಂದ. ಅವರು ಪೆನ್ನು ಕೆಳಗಿಟ್ಟು, ಪರ್ಸಿನಿಂದ ಫೋನ್ ತೆಗೆದು, ವರಾಂಡಕ್ಕೆ ಹೋಗಿ ಹೋಟೆಲಿಗೆ ಫೋನ್ ಹಚ್ಚಿದರು.